ಸ್ಪೈಡರ್‌ಮ್ಯಾನ್ ಸಂಸಾರ ಕೆಡಿಸಿದವರು

1987ರ ಜೂನ್ 5ರಂದು ನ್ಯೂಯಾರ್ಕಿನ ಶಿಯಾ ಕ್ರೀಡಾಂಗಣದಲ್ಲಿ ಬೇಸ್‌ಬಾಲ್ ಪಂದ್ಯಕ್ಕೆ ಮುಂಚೆ ಒಂದು ಮದುವೆ ನಡೆಯಿತು. ವರ ಸ್ಪೈಡರ್‌ಮ್ಯಾನ್, ವಧು ಮೇರಿ ಜೇನ್ ವಾಟ್ಸನ್. ಪುರೋಹಿತರ ಜಾಗದಲ್ಲಿ ಸ್ಪೈಡರ್‌ಮ್ಯಾನ್‌ನ ಸೃಷ್ಟಿಕರ್ತರಲ್ಲೊಬ್ಬರಾದ ಸ್ಟಾನ್ ಲೀ! ವಧುವಿನ ಉಡುಪನ್ನು ರೂಪಿಸಿದ್ದ ಹೆಸರಾಂತ ವಸ್ತ್ರವಿನ್ಯಾಸಕ ವಿಲ್ಲಿ ಸ್ಮಿತ್ ಆ ಹೊತ್ತಿಗಾಗಲೇ ತೀರಿಕೊಂಡಿದ್ದರು. ಅದೇ ವರ್ಷದ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ ವಾರ್ಷಿಕ ಸಂಚಿಕೆಯ ಮದುಮಗಳೂ ತೊಟ್ಟಿದ್ದು ಅದೇ ಉಡುಪು. ಕಾಗದದ ಮೇಲಿನ ಜೋಡಿಗೆ ಇಷ್ಟು ಅದ್ಧೂರಿಯಾಗಿ ಧಾರೆ ಎರೆದ ಮಾರ್ವೆಲ್ ಕಂಪನಿ, ಸರಿಯಾಗಿ 20 ವರ್ಷಗಳ ಬಳಿಕ ಅದೇ ಮದುವೆಯನ್ನು ಸೈತಾನನ ಕೈಯಲ್ಲಿ ಅಳಿಸಿಹಾಕಿಸಿತು.

ಮದುವೆ ಮುರಿಯಿತು ಎಂದರೆ ತಪ್ಪಾಗುತ್ತದೆ. 2007ರ ‘ಒನ್ ಮೋರ್ ಡೇ’ ಕಥೆಯಲ್ಲಿ ಆ ಮದುವೆ ನಡೆದೇ ಇರಲಿಲ್ಲ ಎಂದಾಯಿತು. ಸ್ಪೈಡರ್‌ಮ್ಯಾನ್ ಮುಖವಾಡದ ಹಿಂದಿರುವ ಪೀಟರ್ ಪಾರ್ಕರ್‌ನನ್ನು ಸಾಕಿ ಬೆಳೆಸಿದ ಮೇ ದೊಡ್ಡಮ್ಮ ಗುಂಡೇಟು ತಿಂದು ಸಾವಿನಂಚಿನಲ್ಲಿದ್ದಾಳೆ. ಮೆಫಿಸ್ಟೊ ಎಂಬ ಸೈತಾನ ಬಂದು, ಆಕೆಯ ಜೀವ ಉಳಿಸುತ್ತೇನೆ, ಬದಲಿಗೆ ನಿಮ್ಮ ದಾಂಪತ್ಯ ಕೊಡಿ ಎನ್ನುತ್ತಾನೆ. ಮೊದಲು ಹೂಂ ಎಂದವಳು ಮೇರಿ ಜೇನ್. ಬೆಳಗಾಗುವಷ್ಟರಲ್ಲಿ ಪೀಟರ್ ಮತ್ತೆ ದೊಡ್ಡಮ್ಮನ ಮನೆಯಲ್ಲಿರುವ ಅವಿವಾಹಿತ. ಕಥೆ ಬರೆದ ಜೆ. ಮೈಕೆಲ್ ಸ್ಟ್ರಜಿನ್ಸ್ಕಿ ಅವರಿಗೇ ಇದು ಹಿಡಿಸಲಿಲ್ಲ. ಕೊನೆಯ ಎರಡು ಸಂಚಿಕೆಗಳಿಂದ ತಮ್ಮ ಹೆಸರು ತೆಗೆಸಬೇಕೆಂದಿದ್ದಾಗಿ ಅವರು ಬಹಿರಂಗವಾಗಿಯೇ ಹೇಳಿದರು.

ಮಾರ್ವೆಲ್‌ನ ಆಗಿನ ಪ್ರಧಾನ ಸಂಪಾದಕ ಜೋ ಕೆಸಾಡಾ ಅವರ ವಾದ ಸರಳವಾಗಿತ್ತು. ಹೆಂಡತಿ ಬಂದರೆ ನಾಯಕನಿಗೆ ವಯಸ್ಸಾದಂತೆ ಕಾಣುತ್ತದೆ, ವಿಚ್ಛೇದನ ಕೊಡಿಸಿದರೆ ಇನ್ನೂ ಹೆಚ್ಚು ವಯಸ್ಸಾಗುತ್ತದೆ. ಹಾಗಾಗಿ ಮಾಯೆಯೇ ದಾರಿ. ಈ ಭಯ ಹೊಸದೇನಲ್ಲ. 1962ರಲ್ಲಿ ಹೈಸ್ಕೂಲ್ ಹುಡುಗನಾಗಿ ಹುಟ್ಟಿದ ಪೀಟರ್ 1965ರಲ್ಲಿ ಕಾಲೇಜು ಸೇರಿದ. ಅಲ್ಲಿಂದ ಪದವಿ ಮುಗಿಸಿದ್ದು 1978ರಲ್ಲಿ. ಹೈಸ್ಕೂಲಿಗೆ ಮೂರು ವರ್ಷ, ಕಾಲೇಜಿಗೆ ಹದಿಮೂರು! ಹುಡುಗ ಬೆಳೆಯುತ್ತಿದ್ದಾನೆ ಎಂದು ಗೊತ್ತಾದ ಕೂಡಲೇ ಪ್ರಕಾಶಕರು ಗಡಿಯಾರದ ಮುಳ್ಳು ಹಿಡಿದು ನಿಂತರು. ಮದುವೆಯೆಂದರೆ ಆ ಹಿಡಿತ ಕೈತಪ್ಪಿದ ಗಳಿಗೆ.

ವಿಚಿತ್ರವೆಂದರೆ, ಅವರು ಅಂಜಿದ ಈ ಸಂಸಾರದಲ್ಲೇ ಕಥೆಗೆ ಬೇಕಾದ ಕಸುವಿತ್ತು. ಗಂಡ ‘ಡೈಲಿ ಬ್ಯೂಗಲ್’ ಪತ್ರಿಕೆಗೆ ಫೋಟೊ ಮಾರಿ ಪುಡಿಗಾಸು ತರುವವನು, ಹೆಂಡತಿ ರೂಪದರ್ಶಿಯಾಗಿ, ಟಿವಿ ಧಾರಾವಾಹಿ ನಟಿಯಾಗಿ ಅವನಿಗಿಂತ ಹೆಚ್ಚು ಗಳಿಸುವವಳು. ಜೊನಾಥನ್ ಸೀಸರ್ ಎಂಬ ಶ್ರೀಮಂತ ಅವಳ ಬೆನ್ನುಬಿದ್ದು ಅಪಹರಿಸುತ್ತಾನೆ, ಅವಳಿಗೆ ಕೆಲಸ ಸಿಗದಂತೆ ಮಾಡುತ್ತಾನೆ. ದಂಪತಿ ಮನೆ ಬಿಟ್ಟು ದೊಡ್ಡಮ್ಮನ ಮನೆಗೆ ಬಂದು ಸೇರಬೇಕಾಗುತ್ತದೆ. ರಾತ್ರಿ ಹೊರಟ ಗಂಡ ಜೀವಂತ ಬರುತ್ತಾನೋ ಇಲ್ಲವೋ ಎಂದು ಕಾಯುತ್ತ ಕಾಯುತ್ತ ಮೇರಿ ಜೇನ್ ಸಿಗರೇಟಿನ ಚಟ ಹತ್ತಿಸಿಕೊಂಡಳು. ಪೊಲೀಸರ, ಸೈನಿಕರ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಆತಂಕ ಇದು. ಇದರಲ್ಲಿ ಮುದಿತನ ಎಲ್ಲಿದೆ?

ಹಳಿ ತಪ್ಪಿದ್ದು ತೊಂಬತ್ತರ ದಶಕದ ‘ಕ್ಲೋನ್ ಸಾಗಾ’ದಲ್ಲಿ. ನೀನೇ ನಿಜವಾದ ಪೀಟರ್ ಅಲ್ಲ, ಬರೀ ತದ್ರೂಪಿ ಎಂದು ಕೇಳಿ ಹುಚ್ಚೆದ್ದ ಪೀಟರ್ 1995ರ ಒಂದು ಸಂಚಿಕೆಯಲ್ಲಿ ಬಸುರಿ ಹೆಂಡತಿಯನ್ನೇ ಹೊಡೆದ. ಆ ಪುಟವನ್ನು ಓದುಗರು ಇವತ್ತಿಗೂ ಮರೆತಿಲ್ಲ. ಮರೆಯಬೇಕಾಗಿಯೂ ಇಲ್ಲ. ಮರುವರ್ಷ ಹೆರಿಗೆಯಲ್ಲಿ ಮಗು ಹೋಯಿತು. 2000ದಲ್ಲಿ ವಿಮಾನ ಸ್ಫೋಟಿಸಿ ಮೇರಿ ಜೇನ್ ಸತ್ತಳು ಎಂದರು, ಬದುಕಿ ಬಂದಳು, ಬೇರೆಯಾದಳು. 2003ರಲ್ಲಿ ಡೆನ್ವರ್ ವಿಮಾನ ನಿಲ್ದಾಣದಲ್ಲಿ ಇಬ್ಬರೂ ಎದುರುಬದುರಾಗಿ ಮತ್ತೆ ಒಂದಾದರು. ನಾಲ್ಕೇ ವರ್ಷಕ್ಕೆ ಮೆಫಿಸ್ಟೊ ಬಂದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ; ಈ ಜೋಡಿಯದು ಸಂಪಾದಕ ಬದಲಾಗುವ ತನಕ.

ಲೆಕ್ಕ ಹಾಕಿದರೆ ಪ್ರತಿ ಸಲವೂ ಬೆಲೆ ತೆತ್ತವಳು ಅವಳೇ. ಮಗು, ನೆನಪು, ಗಂಡ, ಎಲ್ಲವೂ ಹೋಗಿದ್ದು ಅವಳಿಂದ. ಪೀಟರ್‌ಗಾದರೋ ಹೊಸ ಗೆಳತಿಯರು, ಹೊಸ ಸಂಚಿಕೆಗಳು. 2018ರಿಂದ ನಿಕ್ ಸ್ಪೆನ್ಸರ್ ಬರೆದ ಕಂತುಗಳಲ್ಲಿ ಇಬ್ಬರೂ ಮತ್ತೆ ಜೊತೆಯಾದರು. 2022ರಲ್ಲಿ ಝೆಬ್ ವೆಲ್ಸ್ ಅದನ್ನೂ ಬಿಡಿಸಿ, ಮೇರಿ ಜೇನ್ ಪಾಲ್ ಎಂಬವನ ಜೊತೆ, ಇಬ್ಬರು ಮಕ್ಕಳೊಂದಿಗೆ ಇದ್ದಾಳೆಂದು ತೋರಿಸಿದರು. ಬೇರೊಂದು ಲೋಕದಲ್ಲಿ ಸಿಕ್ಕಿಕೊಂಡಿದ್ದಳು, ಅಲ್ಲಿ ಕಾಲ ಬೇಗ ಓಡುತ್ತದೆ ಎಂಬ ವಿವರಣೆ ಬೇರೆ.

ಮದುವೆಯಾದ ನಾಯಕ ಎಂದರೆ ಕನ್ನಡದ ಹಳೆಯ ಓದುಗರಿಗೆ ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್ ನೆನಪಿರಬಹುದು. ಅವನ ಸೃಷ್ಟಿಕರ್ತ ಲೀ ಫಾಕ್ ಅವನಿಗೂ ಡಯಾನಾ ಪಾಮರ್‌ಗೂ 1977ರಲ್ಲಿ ಮದುವೆ ಮಾಡಿಸಿದರು, 1979ರಲ್ಲಿ ಅವಳಿ ಮಕ್ಕಳು ಹುಟ್ಟಿದವು. ಆ ಮದುವೆಯಿಂದ ಫ್ಯಾಂಟಮ್‌ನ ಗತ್ತಿಗೇನೂ ಕುಂದು ಬರಲಿಲ್ಲ. ಅಪ್ಪನ ಮುಖವಾಡ ಮಗನಿಗೆ ಬರಬೇಕಾದ ವಂಶದ ಕಥೆಯದು, ಸಂಸಾರವಿಲ್ಲದೆ ಮುಂದೆ ಸಾಗುವುದೇ ಇಲ್ಲ, ಹಾಗಾಗಿ ಹೋಲಿಕೆ ಪೂರ್ತಿ ನ್ಯಾಯವಲ್ಲ ಎನ್ನಬಹುದು.

ಹಾಗಿದ್ದರೆ ಮಾರ್ವೆಲ್‌ನ ಅಂಗಳದಲ್ಲೇ ಹುಡುಕೋಣ. ಸ್ಟಾನ್ ಲೀ ಹೆಸರಿನಲ್ಲಿ ದಿನಪತ್ರಿಕೆಗಳಲ್ಲಿ ಬರುತ್ತಿದ್ದ ಸ್ಪೈಡರ್‌ಮ್ಯಾನ್ ಸ್ಟ್ರಿಪ್‌ನಲ್ಲೂ 1987ರಲ್ಲೇ ಮದುವೆಯಾಗಿತ್ತು. 2009ರ ಆರಂಭದಲ್ಲಿ ಅಲ್ಲೂ ಪೀಟರ್‌ನನ್ನು ಅವಿವಾಹಿತ ವಿದ್ಯಾರ್ಥಿ ಮಾಡಿದರು. ಕೆಲವೇ ತಿಂಗಳಲ್ಲಿ ಅದೆಲ್ಲ ಬರೀ ಕನಸು ಎಂದು ಸಾರಿ ಹೆಂಡತಿಯನ್ನು ವಾಪಸ್ ಕರೆತಂದರು. 2019ರಲ್ಲಿ ಸ್ಟ್ರಿಪ್‌ನ ಹೊಸ ಕಂತುಗಳು ನಿಲ್ಲುವ ತನಕ ದಂಪತಿ ಜೊತೆಗೇ ಇದ್ದರು. 2024ರಲ್ಲಿ ಜೊನಾಥನ್ ಹಿಕ್‌ಮನ್ ಮತ್ತು ಮಾರ್ಕೊ ಕೆಕೆಟ್ಟೊ ಆರಂಭಿಸಿದ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’ನಲ್ಲಿ ಪೀಟರ್ ಗಡ್ಡ ಬಿಟ್ಟ ಗೃಹಸ್ಥ. ಮೇರಿ ಜೇನ್‌ಳ ಗಂಡನಾಗಿ, ಎರಡು ಮಕ್ಕಳ ಅಪ್ಪನಾದ ಮೇಲೆ ಅವನಿಗೆ ಜೇಡನ ಶಕ್ತಿ ಸಿಗುತ್ತದೆ. ಮೊದಲ ಸಂಚಿಕೆ ಮತ್ತೆ ಮತ್ತೆ ಮರುಮುದ್ರಣ ಕಂಡಿತು. ವಯಸ್ಸಾದ ನಾಯಕನನ್ನು ಯಾರೂ ಕೊಳ್ಳುವುದಿಲ್ಲ ಎಂಬ ಭಯಕ್ಕೆ ಕಂಪನಿಯ ಸ್ವಂತ ಪುಸ್ತಕವೇ ಉತ್ತರ ಕೊಟ್ಟಾಗಿದೆ.

ಮುಖ್ಯ ಸರಣಿಯ ಪೀಟರ್ ಮಾತ್ರ ಇನ್ನೂ ಅವಿವಾಹಿತ. ಆ ದಾಂಪತ್ಯ ನಿಜವಾಗಿ ಹಳಸಿದೆ ಎನಿಸಿದರೆ ಮಾರ್ವೆಲ್ ಇಬ್ಬರನ್ನೂ ವಕೀಲರ ಕಚೇರಿಯಲ್ಲಿ ಎದುರುಬದುರು ಕೂರಿಸಿ, ಸಹಿ ಹಾಕಿಸಿ, ಅದನ್ನೂ ಕಥೆಯಾಗಿ ಬರೆಯಲಿ. ಅಷ್ಟು ಧೈರ್ಯ ಇಲ್ಲದಿದ್ದರೆ ಮೆಫಿಸ್ಟೊನ ಒಪ್ಪಂದ ರದ್ದು ಮಾಡಲಿ.