ಚಹಾ ಕೊಟ್ಟಿದ್ದು ತಪ್ಪಲ್ಲ

2022ರ ಜನವರಿ 15, ಶನಿವಾರ. ಯಹೂದಿಗಳಿಗೆ ಅದು ವಿಶ್ರಾಂತಿಯ, ಪ್ರಾರ್ಥನೆಯ ದಿನ. ಅಮೆರಿಕದ ಟೆಕ್ಸಾಸ್ ರಾಜ್ಯದ ಕಾಲಿವಿಲ್ ಎಂಬ ಪುಟ್ಟ ಪಟ್ಟಣದಲ್ಲಿ ಅವರ ಪ್ರಾರ್ಥನಾ ಮಂದಿರದ ಬಾಗಿಲಿಗೆ ಗುರುತಿಲ್ಲದವನೊಬ್ಬ ಬಂದ. ಹೊರಗೆ ಚಳಿಯಿತ್ತು. ಅಲ್ಲಿನ ರಬ್ಬಿ, ಅಂದರೆ ಧರ್ಮಗುರು, ಚಾರ್ಲಿ ಸೈಟ್ರನ್-ವಾಕರ್ ಅವನನ್ನು ಒಳಗೆ ಕರೆದು ಚಹಾ ಮಾಡಿಕೊಟ್ಟು ಮಾತಾಡಿಸಿದರು. ಆಮೇಲೆ ಜೆರುಸಲೇಮಿನ ದಿಕ್ಕಿಗೆ ತಿರುಗಿ ಪ್ರಾರ್ಥಿಸುತ್ತಿದ್ದಾಗ ಬೆನ್ನ ಹಿಂದೆ 'ಕ್ಲಿಕ್' ಅಂತ ಸದ್ದಾಯಿತು. ಚಹಾ ಕುಡಿದವನ ಕೈಯಲ್ಲಿ ಪಿಸ್ತೂಲಿತ್ತು.

ರಬ್ಬಿ ಸೇರಿ ನಾಲ್ವರು ಒತ್ತೆಯಾಳುಗಳಾದರು. ಸಂಜೆ ಒಬ್ಬರನ್ನು ಬಿಟ್ಟ. ಸುಮಾರು 11 ಗಂಟೆ ಕಳೆದ ಮೇಲೆ ರಬ್ಬಿ ಅವನ ಮೇಲೆ ಕುರ್ಚಿ ಎಸೆದರು, ಮೂವರೂ ಹೊರಗೆ ಓಡಿದರು. ಅವನು ಎಫ್‌ಬಿಐ ಗುಂಡಿಗೆ ಸತ್ತ.

ಗುರುತು ಪರಿಚಯ ಇಲ್ಲದವನನ್ನು ಒಳಗೆ ಬಿಟ್ಟಿದ್ದೇಕೆ ಎಂದು ದೂರದಲ್ಲಿ ಕೂತು ಕೇಳುವುದು ಸುಲಭ. ನಮಗೆ ಆ ಪ್ರಶ್ನೆಯೇ ಸರಿ ಕಾಣುವುದಿಲ್ಲ. ಪರದೇಶಿಯನ್ನು ಚೆನ್ನಾಗಿ ನೋಡಿಕೊಳ್ಳಿ, ನೀವೂ ಒಂದು ಕಾಲಕ್ಕೆ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದವರು ಎಂಬ ಅರ್ಥದ ಮಾತು ಅವರ ಧರ್ಮಗ್ರಂಥ ತೋರಾದಲ್ಲಿ 36 ಸಲ ಬರುತ್ತದೆ ಅಂತ ಹಿಂದಿನಿಂದ ಬಂದ ಲೆಕ್ಕ. ಚಳಿಯಲ್ಲಿ ಬಂದವನಿಗೆ ಬಾಗಿಲು ಹಾಕಿಬಿಟ್ಟರೆ ರಬ್ಬಿ ಯಾವ ಬಾಯಲ್ಲಿ ಅದನ್ನು ಓದಿ ಹೇಳಬೇಕು?

ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಬ್ರಿಟನ್ನಿನಿಂದ ಬಂದಿದ್ದ ಆ ಮನುಷ್ಯನಿಗೆ ಬೇಕಿದ್ದದ್ದು ಟೆಕ್ಸಾಸ್‌ನ ಜೈಲಿನಲ್ಲಿದ್ದ ಆಫಿಯಾ ಸಿದ್ದಿಕಿ ಎಂಬ ಪಾಕಿಸ್ತಾನಿ ಮಹಿಳೆಯ ಬಿಡುಗಡೆ. ಅದಕ್ಕೆ ಪ್ರಾರ್ಥನೆಗೆ ಕೂತ ಯಹೂದಿಗಳನ್ನೇ ಯಾಕೆ ಹಿಡಿದ? ಯಹೂದಿಗಳು ಗುಟ್ಟಾಗಿ ಜಗತ್ತನ್ನೇ ಆಳುತ್ತಾರೆ, ಅವರು ಹೇಳಿದರೆ ಸರ್ಕಾರ ಕೇಳುತ್ತದೆ ಅಂತ ನಂಬಿದ್ದ. ನ್ಯೂಯಾರ್ಕಿನ ಇನ್ನೊಬ್ಬ ರಬ್ಬಿಗೆ ಫೋನ್ ಕೂಡ ಮಾಡಿಸಿದ. ಅವನು ಅದನ್ನು ನಿಜವೆಂದೇ ನಂಬಿದ್ದ ಎಂದು ಸೈಟ್ರನ್-ವಾಕರ್ ಆಮೇಲೆ ಹೇಳಿದ್ದಾರೆ. 2018ರ ಅಕ್ಟೋಬರ್ 27ರಂದು ಪಿಟ್ಸ್‌ಬರ್ಗ್‌ನ ಮಂದಿರದಲ್ಲಿ 11 ಜನರನ್ನು ಕೊಂದವನ ತಲೆಯಲ್ಲೂ ಇಂಥದೇ ಸುಳ್ಳಿತ್ತು, ಯಹೂದಿಗಳು ದೇಶದೊಳಕ್ಕೆ ಶತ್ರುಗಳನ್ನು ತಂದು ತುಂಬುತ್ತಿದ್ದಾರೆ ಅಂತ. ಒಬ್ಬ ಮುಸ್ಲಿಂ, ಇನ್ನೊಬ್ಬ ಬಿಳಿಯ ಅಮೆರಿಕನ್. ಧರ್ಮ ಬೇರೆ, ದೇಶ ಬೇರೆ, ಸುಳ್ಳಿನ ಜಾತಿ ಮಾತ್ರ ಒಂದೇ. 'ಇಡೀ ಆ ಜನವೇ ಹಾಗೆ' ಎನ್ನುವ ಫಾರ್ವರ್ಡುಗಳು ನಮ್ಮ ನಿಮ್ಮ ಫೋನಿಗೂ ಬರುತ್ತವೆ, ಹೆಸರು ಬೇರೆ ಅಷ್ಟೆ.

ಹಾಗಂತ ರಬ್ಬಿ ಬರೀ ದೇವರ ಮೇಲೆ ಭಾರ ಹಾಕಿ ಕೂತವರಲ್ಲ. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಮೊದಲೇ ತರಬೇತಿ ಪಡೆದಿದ್ದರು, ಜೀವ ಉಳಿದದ್ದು ಅದರಿಂದಲೇ ಎನ್ನುತ್ತಾರೆ. ಪ್ರಾರ್ಥನೆ ಮಾಡುವವರಿಗೆ ಕುರ್ಚಿ ಎಸೆಯುವ ಧೈರ್ಯದ ಪಾಠವೂ ಬೇಕಾಗಿದೆ ಎಂಬುದು ನಮಗೆ ಸಂಕಟದ ವಿಷಯ.

ಅಂದು ಒತ್ತೆಯಾಳುಗಳ ಮನೆಯವರು ಕಾದು ಕೂತದ್ದು ಹತ್ತಿರದ ಕ್ಯಾಥೊಲಿಕ್ ಚರ್ಚಿನಲ್ಲಿ. ಊರಿನ ಮುಸ್ಲಿಂ ಗೆಳೆಯರೂ ಅವರ ಜೊತೆಗಿದ್ದರು. ಎರಡು ದಿನ ಬಿಟ್ಟು, ಸೋಮವಾರ ರಾತ್ರಿ, ರಬ್ಬಿ ತಮ್ಮ ಜನರನ್ನೆಲ್ಲ ಮತ್ತೆ ಪ್ರಾರ್ಥನೆಗೆ ಸೇರಿಸಿದರು. ಜಾಗ ಕೊಟ್ಟಿದ್ದು ಒಂದು ಮೆಥಡಿಸ್ಟ್ ಚರ್ಚು.