ಟಿಪ್ಪಣಿ ಪುಸ್ತಕ ಹಿಡಿದ ಪ್ರಯಾಣಿಕ

ಬಸ್ ಕಂಪನಿಯ ಯಜಮಾನರು ಬಸ್ಸಿನಲ್ಲಿ ಪ್ರಯಾಣ ಮಾಡುವುದು ಅಪರೂಪ. ಬ್ರಿಟಿಷರ ಕಾಲದ ರೈಲ್ವೆ ಸಾಹೇಬರಿಗೆ ಮಲಗುವ ಕೋಣೆ, ಅಡಿಗೆಮನೆಗಳಿದ್ದ ಪ್ರತ್ಯೇಕ ಬೋಗಿಯೇ ಇರುತ್ತಿತ್ತು. ಅಂಥವರಿಗೆ ಮೂರನೇ ದರ್ಜೆಯ ಕಿಟಕಿ ಮುಚ್ಚುವುದಿಲ್ಲ, ಮಳೆ ಒಳಗೆ ಬರುತ್ತದೆ ಎಂಬುದು ತಿಳಿಯುವುದಾದರೂ ಹೇಗೆ? ದೂರಿನ ಪುಸ್ತಕವೊಂದು ಸ್ಟೇಷನ್ ಮಾಸ್ತರರ ಮೇಜಿನೊಳಗೆ ಇರುತ್ತಿತ್ತು. ಅದನ್ನು ಕೇಳಿ ಪಡೆಯುವ ಧೈರ್ಯ ಎಷ್ಟು ಜನಕ್ಕಿತ್ತು ಎಂಬುದು ಬೇರೆ ಮಾತು.

ಭಾರತದ ಸಾರಿಗೆ ರಂಗದಲ್ಲಿ ಇದಕ್ಕೆ ದೊಡ್ಡ ಅಪವಾದವೊಂದಿದೆ. ಜಹಾಂಗೀರ್ ರತನ್‌ಜಿ ದಾದಾಭಾಯ್ ಟಾಟಾ, ಎಲ್ಲರ ಬಾಯಲ್ಲಿ ಜೆ.ಆರ್.ಡಿ. ತಾವೇ ಕಟ್ಟಿದ ವಿಮಾನ ಸಂಸ್ಥೆಯಲ್ಲಿ ಅವರು ಪ್ರಯಾಣಿಕರಾಗಿ ಹೋಗುವಾಗ ಕಣ್ಣುಮುಚ್ಚಿ ವಿಶ್ರಾಂತಿ ಪಡೆಯುತ್ತಿರಲಿಲ್ಲ. ಆಸನದ ಬೆನ್ನು ಸರಿಯಾಗಿ ಹಿಂದಕ್ಕೆ ಬಾಗುತ್ತದೆಯೇ, ಪರದೆ ಕೊಳೆಯಾಗಿದೆಯೇ, ಊಟ ಬಿಸಿಯಾಗಿತ್ತೇ ಎಂದೆಲ್ಲ ನೋಡಿ ಬರೆದಿಟ್ಟುಕೊಳ್ಳುತ್ತಿದ್ದರು. ಊರು ಮುಟ್ಟಿದ ಮೇಲೆ ಆ ಟಿಪ್ಪಣಿಗಳು ಸಂಬಂಧಪಟ್ಟ ಅಧಿಕಾರಿಗಳಿಗೆ ಹೋಗುತ್ತಿದ್ದವು. ಒಮ್ಮೆ ಜಿನೀವಾದಿಂದ ಹೊರಟ ವಿಮಾನದಲ್ಲಿ ಕೊಟ್ಟ ಚಹಾದ ಬಣ್ಣಕ್ಕೂ ಕಾಫಿಯ ಬಣ್ಣಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ ಎಂದು ಬರೆದಿದ್ದರು. ಇನ್ನೊಮ್ಮೆ ಅವರ ಜೊತೆ ಹೋಗುತ್ತಿದ್ದ ಹಿರಿಯ ಆಡಳಿತಗಾರ ಎಲ್.ಕೆ. ಝಾ ಅವರಿಗೆ ಪಕ್ಕದ ಆಸನದ ಜೆ.ಆರ್.ಡಿ. ಬಹಳ ಹೊತ್ತು ಕಾಣಲಿಲ್ಲ. ವಾಪಸು ಬಂದಾಗ ವಿಚಾರಿಸಿದರೆ, ಅವರು ಶೌಚಾಲಯಗಳಲ್ಲಿ ಕಾಗದದ ಸುರುಳಿಗಳನ್ನು ಸರಿಯಾಗಿ ಇಟ್ಟಿದ್ದಾರೆಯೇ ಎಂದು ನೋಡಿಕೊಂಡು ಬರಲು ಹೋಗಿದ್ದರು!

ಇಷ್ಟು ದೊಡ್ಡ ಮನುಷ್ಯರಿಗೆ ಇಷ್ಟು ಸಣ್ಣ ಕೆಲಸವೇ ಎಂದು ಅನ್ನಿಸಬಹುದು. ಅದಕ್ಕೆ ಉತ್ತರ ಸಿಗಬೇಕಾದರೆ ಅವರ ವೃತ್ತಿ ಶುರುವಾದದ್ದು ಎಲ್ಲಿಂದ ಎಂದು ನೋಡಬೇಕು.

ಜೆ.ಆರ್.ಡಿ. ಹುಟ್ಟಿದ್ದು 1904ರ ಜುಲೈ 29ರಂದು, ಪ್ಯಾರಿಸ್‌ನಲ್ಲಿ. ತಾಯಿ ಫ್ರೆಂಚ್ ಮಹಿಳೆ. ರಜೆಯಲ್ಲಿ ಅವರ ಕುಟುಂಬ ಹೋಗುತ್ತಿದ್ದ ಫ್ರಾನ್ಸಿನ ಕಡಲತೀರದ ಹಾರ್ಡೆಲೋ ಎಂಬ ಊರಿನಲ್ಲಿ ಲೂಯಿ ಬ್ಲೇರಿಯೋ ಅವರ ಮನೆಯೂ ಇತ್ತು. 1909ರಲ್ಲಿ ಇಂಗ್ಲಿಷ್ ಕಾಲುವೆಯನ್ನು ವಿಮಾನದಲ್ಲಿ ಮೊದಲು ದಾಟಿದವರು ಈ ಬ್ಲೇರಿಯೋ. ಅಲ್ಲಿನ ಮರಳಿನ ಮೇಲೆ ವಿಮಾನಗಳು ಇಳಿಯುವುದನ್ನು ನೋಡುತ್ತ ಬೆಳೆದ ಹುಡುಗನಿಗೆ 15ರ ವಯಸ್ಸಿನಲ್ಲಿ, ಹಣ ಕೊಟ್ಟು, ಕೆಲವು ನಿಮಿಷ ಹಾರುವ ಅವಕಾಶ ಸಿಕ್ಕಿತು. ಅಲ್ಲಿಗೆ ಮುಗಿಯಿತು. ಮುಂದೆ ಉಕ್ಕು, ರಾಸಾಯನಿಕ, ಮೋಟಾರು ಎಂದು ನೂರು ಉದ್ಯಮ ನೋಡಿಕೊಂಡರೂ ಮನಸ್ಸು ಮಾತ್ರ ಆಕಾಶದಲ್ಲೇ ಇತ್ತು.

ಆತನಿಗೆ ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದುವ ಆಸೆಯಿತ್ತು. ತಂದೆ ಒಪ್ಪಲಿಲ್ಲ. ಮುಂಬಯಿಗೆ ಕರೆಸಿ 1925ರ ಡಿಸೆಂಬರಿನಲ್ಲಿ ಟಾಟಾ ಸಂಸ್ಥೆಯಲ್ಲಿ ಸಂಬಳವಿಲ್ಲದ ಉಮೇದುವಾರನಾಗಿ ಕೂರಿಸಿದರು. ಮರುವರ್ಷವೇ ತಂದೆ ತೀರಿಕೊಂಡರು. ಪದವಿ ಎಂಬುದು ಕೊನೆಗೂ ದಕ್ಕಲಿಲ್ಲ. ಈ ಸಂಗತಿಯನ್ನು ಕೇಳಿದ ಕೂಡಲೇ ‘ನೋಡಿ, ಪದವಿ ಇಲ್ಲದೆಯೂ ಹೀಗಾಗಬಹುದು’ ಎಂದು ಪುಸ್ತಕ ಮಡಿಚಿಡುವ ಮಕ್ಕಳಿದ್ದಾರೆ. ಅವರು ಇನ್ನೊಂದು ಸಂಗತಿಯನ್ನೂ ತಿಳಿಯಬೇಕು. ಓದು ನಿಂತುಹೋದ ಕೊರಗು ಜೆ.ಆರ್.ಡಿ.ಯವರನ್ನು ಕಡೆಯವರೆಗೂ ಬಿಡಲಿಲ್ಲ. ಕಾಲೇಜಿನಲ್ಲಿ ಕಲಿಯಬೇಕಾಗಿದ್ದುದನ್ನು ಅವರು ತಾವೇ ಓದಿ ತುಂಬಿಕೊಂಡರು.

ಮುಂಬಯಿಯಲ್ಲಿ ಫ್ಲೈಯಿಂಗ್ ಕ್ಲಬ್ ತೆರೆದಾಗ ಮೊದಲು ಸೇರಿದವರಲ್ಲಿ ಅವರೂ ಒಬ್ಬರು. 1929ರ ಫೆಬ್ರುವರಿ 10ರಂದು ಅವರ ಕೈಗೆ ಬಂದ ಪೈಲಟ್ ಪರವಾನಗಿಯ ಸಂಖ್ಯೆ 1. ಭಾರತದಲ್ಲಿ ಕೊಟ್ಟ ಮೊದಲನೆಯ ಪರವಾನಗಿ ಅದು. ಮರುವರ್ಷ ಆಗಾ ಖಾನರು ಇಂಗ್ಲೆಂಡಿಗೂ ಭಾರತಕ್ಕೂ ನಡುವೆ ಒಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ 500 ಪೌಂಡು ಬಹುಮಾನ ಇಟ್ಟಿದ್ದರು. ಜೆ.ಆರ್.ಡಿ. ಕರಾಚಿಯಿಂದ ಆ ಕಡೆಗೆ ಹೊರಟರು. ಆಸ್ಪಿ ಎಂಜಿನಿಯರ್ ಎಂಬ 17 ವರ್ಷದ ಹುಡುಗ ಇಂಗ್ಲೆಂಡಿನಿಂದ ಈ ಕಡೆಗೆ ಹೊರಟಿದ್ದ. ಈಜಿಪ್ಟಿನ ಅಬುಕಿರ್‌ನಲ್ಲಿ ಇಬ್ಬರೂ ಸಂಧಿಸಿದಾಗ ಆ ಹುಡುಗ ಸ್ಪಾರ್ಕ್ ಪ್ಲಗ್ ಇಲ್ಲದೆ ಕೈಕಟ್ಟಿ ಕುಳಿತಿದ್ದ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ-ಇಂಧನದ ಮಿಶ್ರಣಕ್ಕೆ ಕಿಡಿ ಹೊತ್ತಿಸುವುದು ಈ ಪ್ಲಗ್. ಅದಿಲ್ಲದಿದ್ದರೆ ವಿಮಾನ ಗಾಳಿಪಟಕ್ಕೂ ಕಡೆ. ಜೆ.ಆರ್.ಡಿ. ತಮ್ಮಲ್ಲಿದ್ದುದನ್ನು ಕೊಟ್ಟರು. ಕೊಟ್ಟ ಫಲವಾಗಿ ಕೆಲವೇ ಗಂಟೆಗಳ ಅಂತರದಲ್ಲಿ ಸೋತರು. ಗೆದ್ದ ಆಸ್ಪಿ ವಾಯುಪಡೆ ಸೇರಿ 1960ರಲ್ಲಿ ಅದರ ಮುಖ್ಯಸ್ಥರೇ ಆದರು.

ಆ ದಿನಗಳಲ್ಲಿ ಲಂಡನ್ನಿನಿಂದ ವಿಮಾನದಲ್ಲಿ ಬಂದ ಟಪಾಲು ಕರಾಚಿಯಲ್ಲಿ ಇಳಿದು, ಮುಂದೆ ರೈಲಿನಲ್ಲಿ ನಿಧಾನವಾಗಿ ದಕ್ಷಿಣಕ್ಕೆ ಬರುತ್ತಿತ್ತು. ಇದನ್ನೂ ವಿಮಾನದಲ್ಲೇ ಏಕೆ ತರಬಾರದು ಎಂಬ ಯೋಚನೆ ನೆವಿಲ್ ವಿನ್ಸೆಂಟ್ ಎಂಬ, ಬ್ರಿಟಿಷ್ ವಾಯುಪಡೆಯಲ್ಲಿದ್ದ ವೈಮಾನಿಕನದು. ಜೆ.ಆರ್.ಡಿ. ಅದನ್ನು ಕೈಗೆತ್ತಿಕೊಂಡರು. ಕಂಪನಿಯ ಹಿರಿಯ ದೊರಾಬ್‌ಜಿ ಟಾಟಾ ಅವರನ್ನು ಒಪ್ಪಿಸಿ 2 ಲಕ್ಷ ರೂಪಾಯಿ ಪಡೆದದ್ದಾಯಿತು. ಸರ್ಕಾರ ಸಹಾಯಧನ ಕೊಡಲಿಲ್ಲ. ಎರಡು ಪುಟ್ಟ ಪಸ್ ಮಾತ್ ವಿಮಾನಗಳು, ಬೆರಳೆಣಿಕೆಯ ಸಿಬ್ಬಂದಿ, ಜುಹುವಿನಲ್ಲಿ ಗರಿ ಹೊದಿಸಿದ ಒಂದು ಷೆಡ್ಡು. ಸಂಸ್ಥೆಯೆಂದರೆ ಅಷ್ಟೇ.

1932ರ ಅಕ್ಟೋಬರ್ 15ರ ಬೆಳಿಗ್ಗೆ 6 ಗಂಟೆ 35 ನಿಮಿಷಕ್ಕೆ ಜೆ.ಆರ್.ಡಿ. ಸುಮಾರು 25 ಕಿಲೋ ಟಪಾಲು ಹೇರಿಕೊಂಡು ಒಬ್ಬರೇ ಕರಾಚಿಯಿಂದ ಮೇಲೆದ್ದರು. ಅಹಮದಾಬಾದಿನಲ್ಲಿ ಇಂಧನ ಬಂದದ್ದು ಎತ್ತಿನಗಾಡಿಯಲ್ಲಿ, ಡಬ್ಬಿಗಳಲ್ಲಿ. ಮಧ್ಯಾಹ್ನ 1 ಗಂಟೆ 50 ನಿಮಿಷಕ್ಕೆ ವಿಮಾನ ಜುಹುವಿನಲ್ಲಿ ಇಳಿಯಿತು. ಅಲ್ಲಿಂದ ಮುಂದಿನ ಟಪಾಲನ್ನು ವಿನ್ಸೆಂಟ್ ಮದ್ರಾಸಿಗೆ ಒಯ್ದರು. ದಾರಿಯಲ್ಲಿ ಕತ್ತಲಾಗುವ ಹೊತ್ತಿಗೆ ನಮ್ಮ ಬಳ್ಳಾರಿಯಲ್ಲಿ ಇಳಿದು, ರಾತ್ರಿ ಉಳಿದು, ಮರುದಿನ ಮುಂದೆ ಹೋದರು. ಭಾರತದ ನಾಗರಿಕ ವಿಮಾನ ಸೇವೆಯ ಮೊಟ್ಟಮೊದಲ ತಂಗುದಾಣಗಳಲ್ಲಿ ಬಳ್ಳಾರಿಯೂ ಒಂದು ಎಂಬುದು ಬಳ್ಳಾರಿಯ ಮಕ್ಕಳಿಗೇ ಎಷ್ಟು ಗೊತ್ತೋ!

ಈ ಹಾರಾಟದಲ್ಲಿ ರೇಡಿಯೋ ಇರಲಿಲ್ಲ. ಹಾಗಾದರೆ ದಾರಿ ತಿಳಿಯುವುದು ಹೇಗೆ? ದಿಕ್ಸೂಚಿ, ಗಡಿಯಾರ, ನಕ್ಷೆ ಮತ್ತು ಕಣ್ಣು. ರೈಲು ಹಳಿ, ನದಿ, ಕೆರೆ ಇವೇ ಗುರುತುಗಳು. ಕರಾಚಿಯಿಂದ ಅಹಮದಾಬಾದಿಗೆ ನೇರ ಹೋದರೆ ನಡುವೆ ಕಚ್ಛದ ರಣ್ ಸಿಗುತ್ತದೆ. ಅಲ್ಲಿ ಕಣ್ಣು ಹಾಯಿಸಿದಷ್ಟು ದೂರವೂ ಬರಿಯ ಉಪ್ಪಿನ ಬಯಲು, ಗುರುತೇ ಇಲ್ಲ. ಅಡ್ಡಗಾಳಿ ಬೀಸಿದರಂತೂ ಕಷ್ಟ. ಆನೆಗೊಂದಿಯ ಹತ್ತಿರ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಅಂಬಿಗ ಎದುರು ದಡದ ಕಲ್ಲಿಗೆ ನೇರವಾಗಿ ಹುಟ್ಟು ಹಾಕುವುದಿಲ್ಲ. ಸ್ವಲ್ಪ ಮೇಲ್ಹೊಳೆಯ ಕಡೆಗೆ ಮುಖ ಮಾಡುತ್ತಾನೆ. ನೀರು ಕೆಳಗೆಳೆಯುತ್ತದೆ, ಹರಿಗೋಲು ಕಲ್ಲಿನ ಹತ್ತಿರಕ್ಕೇ ಬಂದು ಮುಟ್ಟುತ್ತದೆ. ವೈಮಾನಿಕನದೂ ಇದೇ ಉಪಾಯ. ವಿಮಾನದ ವೇಗ ಗಂಟೆಗೆ 160 ಕಿಲೋಮೀಟರು, ಅಡ್ಡಗಾಳಿಯ ವೇಗ 30 ಕಿಲೋಮೀಟರು ಎಂದಿಟ್ಟುಕೊಳ್ಳಿ. ಗಾಳಿಯನ್ನು ಲೆಕ್ಕಿಸದೆ ಮೂಗಿನ ನೇರಕ್ಕೆ ಹೋದರೆ ಒಂದು ಗಂಟೆಯಲ್ಲಿ 30 ಕಿಲೋಮೀಟರು ಪಕ್ಕಕ್ಕೆ ಸರಿದಿರುತ್ತೀರಿ. ಗಾಳಿ ಬರುವ ಕಡೆಗೆ ಸುಮಾರು 11 ಡಿಗ್ರಿ ಮೂತಿ ತಿರುಗಿಸಿಟ್ಟರೆ ನೇರ ದಾರಿಯಲ್ಲೇ ಇರುತ್ತೀರಿ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುವ ಸದಿಶಗಳ ತ್ರಿಭುಜವೇ ಇದು. ಅಲ್ಲಿ ತಪ್ಪಿದರೆ ಎರಡು ಅಂಕ ಹೋಗುತ್ತದೆ. ರಣ್ ಮೇಲೆ ತಪ್ಪಿದರೆ ಇಂಧನ ಮುಗಿಯುತ್ತದೆ.

ಪುಟ್ಟ ಸಂಸ್ಥೆ ಹೇಗೆ ನಡೆಯಿತು? 1933-34ರ ಸರ್ಕಾರಿ ವರದಿಯ ಪ್ರಕಾರ ಟಾಟಾ ಟಪಾಲು ವಿಮಾನಗಳ ಸಮಯಪಾಲನೆ ನೂರಕ್ಕೆ ನೂರು. ಅದೂ ಮಳೆಗಾಲದಲ್ಲಿ ಜುಹುವಿನ ನೆಲವೆಲ್ಲ ನೀರಾಗಿ, ವಿಮಾನಗಳನ್ನು ಪುಣೆಗೆ ಸಾಗಿಸಬೇಕಾಗುತ್ತಿದ್ದ ಕಾಲದಲ್ಲಿ. ಒಂದು ನಟ್ಟು ಸಡಿಲವಾದರೆ ಏನಾಗುತ್ತದೆ ಎಂದು ಚಾಲಕನ ಆಸನದಲ್ಲಿ ಕುಳಿತು ತಿಳಿದವರು ಮುಂದೆ ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತರು. ಕಾಗದದ ಸುರುಳಿಯನ್ನು ಅವರೇಕೆ ನೋಡಲು ಹೋಗುತ್ತಿದ್ದರು ಎಂಬುದಕ್ಕೆ ಬೇರೆ ವಿವರಣೆ ಬೇಕಾಗಿಲ್ಲ.

1946ರಲ್ಲಿ ಸಂಸ್ಥೆ ಏರ್ ಇಂಡಿಯಾ ಎಂಬ ಹೆಸರು ಪಡೆಯಿತು. 1948ರ ಜೂನ್ 8ರಂದು ‘ಮಲಬಾರ್ ಪ್ರಿನ್ಸೆಸ್’ ಎಂಬ ಕಾನ್‌ಸ್ಟಲೇಷನ್ ವಿಮಾನ 35 ಪ್ರಯಾಣಿಕರೊಡನೆ ಮುಂಬಯಿಯಿಂದ ಹೊರಟು ಕೈರೋ, ಜಿನೀವಾಗಳ ಮೂಲಕ ಲಂಡನ್ ತಲುಪಿತು. ಜೆ.ಆರ್.ಡಿ. ಅದರೊಳಗೇ ಇದ್ದರು. 1953ರಲ್ಲಿ ವಿಮಾನ ಸೇವೆಯೆಲ್ಲ ರಾಷ್ಟ್ರೀಕರಣವಾಯಿತು. ಅವರು ಅದನ್ನು ವಿರೋಧಿಸಿದ್ದರು. ಆದರೂ ಸರ್ಕಾರ ಕೇಳಿಕೊಂಡಾಗ ಅಧ್ಯಕ್ಷ ಪದವಿ ಒಪ್ಪಿಕೊಂಡರು. ಕೈತಪ್ಪಿದ ಸಂಸ್ಥೆಯ ಶೌಚಾಲಯ ಸ್ವಚ್ಛವಾಗಿದೆಯೇ ಎಂದು ಅವರು ನೋಡುತ್ತಿದ್ದ 25 ವರ್ಷ ಇದು. ಲಾಭ ಬೇರೆಯವರದು, ಕಾಳಜಿ ಮಾತ್ರ ತಮ್ಮದು!

ಅವರು ದೂರಿದ ಚಹಾದ ವಿಷಯಕ್ಕೆ ಬರೋಣ. ಅದರಲ್ಲಿ ಒಂದಿಷ್ಟು ಭೌತಶಾಸ್ತ್ರವಿದೆ. ಎತ್ತರದಲ್ಲಿ ಹಾರುವ ವಿಮಾನದೊಳಗೆ ಗಾಳಿಯ ಒತ್ತಡವನ್ನು ಹೆಚ್ಚಿಸಿ ಕಾಪಾಡುತ್ತಾರೆ. ಆದರೂ ಅದು ನೆಲದ ಮಟ್ಟದಷ್ಟಿರದೆ ಸಾಮಾನ್ಯವಾಗಿ 1,800ರಿಂದ 2,400 ಮೀಟರು ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ಎಂದರೆ ಊಟಿಯಲ್ಲಿ ಕುಳಿತಂತೆ. ಒತ್ತಡ ಕಡಿಮೆಯಾದಂತೆ ನೀರು ಕುದಿಯುವ ಉಷ್ಣತೆಯೂ ಇಳಿಯುತ್ತದೆ. ಅಲ್ಲಿ ನೀರು 100ರ ಬದಲು 92-94 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಎಷ್ಟು ಉರಿ ಹಾಕಿದರೂ ಅದಕ್ಕಿಂತ ಮೇಲೇರುವುದಿಲ್ಲ. ಚಹಾ ಎಲೆಯ ರಸ ಮನೆಯಲ್ಲಿ ಬಿಡುವಂತೆ ಬಿಡುವುದಿಲ್ಲ. ಆದ್ದರಿಂದ ಆಕಾಶದಲ್ಲಿ ಒಳ್ಳೆಯ ಚಹಾ ಮಾಡುವುದು ನಿಜಕ್ಕೂ ಕಷ್ಟದ ಕೆಲಸ. ಜೆ.ಆರ್.ಡಿ. ಎತ್ತಿದ ಪ್ರಶ್ನೆ ಕ್ಷುಲ್ಲಕವಾಗಿರಲಿಲ್ಲ ಎಂದಷ್ಟೇ ಇಲ್ಲಿ ಹೇಳಬೇಕಾದದ್ದು. ಟೀಕೆ ಓದಿದ ಸಿಬ್ಬಂದಿಗೆ ಹೇಗೆ ಅನ್ನಿಸುತ್ತಿತ್ತು ಎಂಬುದನ್ನೂ ಊಹಿಸಬಹುದು. ಅಧ್ಯಕ್ಷರು ವಿಮಾನ ಹತ್ತುತ್ತಾರೆಂದರೆ ಪರೀಕ್ಷಾಧಿಕಾರಿ ತರಗತಿಗೆ ಬಂದಂತೆ.

1978ರ ಫೆಬ್ರುವರಿಯಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಅವರನ್ನು ಅಧ್ಯಕ್ಷ ಸ್ಥಾನದಿಂದ ತೆಗೆಯಿತು. ಅಷ್ಟು ವರ್ಷ ದುಡಿದವರನ್ನು ಕಳಿಸಿದ ರೀತಿ ಸರಿಯಾಗಿರಲಿಲ್ಲ. 1980ರಲ್ಲಿ ಇಂದಿರಾ ಗಾಂಧಿ ಸರ್ಕಾರ ಅವರನ್ನು ಆಡಳಿತ ಮಂಡಲಿಗೆ ಮತ್ತೆ ತೆಗೆದುಕೊಂಡಿತು, ಅಧ್ಯಕ್ಷರಾಗಿ ಅಲ್ಲ.

ಅವರ ಅಚ್ಚುಮೆಚ್ಚಿನ ಪ್ರಯಾಣ ಯಾವುದು ಎಂಬುದಕ್ಕೆ ಉತ್ತರ 1982ರಲ್ಲಿದೆ. ಮೊದಲ ಹಾರಾಟಕ್ಕೆ ಐವತ್ತು ತುಂಬಿತ್ತು, ಅವರಿಗೆ ವಯಸ್ಸು 78. ಜೆಟ್ ವಿಮಾನದ ಮೊದಲ ದರ್ಜೆಯಲ್ಲಿ ಕಾಲು ಚಾಚಿ ಕೂರಬಹುದಾಗಿತ್ತು. ಅದನ್ನು ಬಿಟ್ಟು, ಅದೇ ಅಕ್ಟೋಬರ್ 15ರಂದು, ಹಳೆಯ ಕಾಲದ ಒಂದು ಪುಟ್ಟ ಲೆಪರ್ಡ್ ಮಾತ್ ವಿಮಾನವನ್ನು ತಾವೇ ನಡೆಸಿಕೊಂಡು ಕರಾಚಿಯಿಂದ ಅಹಮದಾಬಾದಿನ ಮೂಲಕ ಜುಹುವಿಗೆ ಬಂದರು. 1962ರಲ್ಲೂ ಒಮ್ಮೆ ಹೀಗೆಯೇ ಬಂದಿದ್ದರು. ಹೊಸ ತಲೆಮಾರಿಗೆ ಹಿಂದಿನ ಹುರುಪು ಸ್ವಲ್ಪ ತಾಗಲಿ ಎಂಬುದು ಅವರ ಆಸೆಯಾಗಿತ್ತು. 1992ರಲ್ಲಿ ಭಾರತರತ್ನ ಬಂತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ತೀರಿಕೊಂಡರು. 2022ರ ಜನವರಿಯಲ್ಲಿ ಏರ್ ಇಂಡಿಯಾ ಮತ್ತೆ ಟಾಟಾ ಸಂಸ್ಥೆಯ ಕೈಸೇರಿದಾಗ ನೋಡಲು ಅವರಿರಲಿಲ್ಲ.

ವೈಮಾನಿಕರಾಗಬೇಕೆಂದು ಮಕ್ಕಳು ಹಟ ಹಿಡಿದರೆ ತಂದೆತಾಯಿ ಮೊದಲು ಖರ್ಚು ಕೇಳಿ ಬೆಚ್ಚುತ್ತಾರೆ. ಬೆಚ್ಚುವುದು ಸಹಜ, ಖರ್ಚು ಹೆಚ್ಚೇ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ್ದೇ ಆದ ವಿಮಾನ ಚಾಲನಾ ಶಾಲೆಯಿದೆ, ಅಲ್ಲಿ ವಿಚಾರಿಸಬಹುದು. ವಾಣಿಜ್ಯ ಪರವಾನಗಿಗೆ 18 ವರ್ಷ ತುಂಬಿರಬೇಕು, 200 ಗಂಟೆ ಹಾರಿರಬೇಕು, ಕಣ್ಣು ಕಿವಿ ಎಲ್ಲದರ ವೈದ್ಯಕೀಯ ತಪಾಸಣೆಯಲ್ಲಿ ತೇರ್ಗಡೆಯಾಗಬೇಕು. ಹವಾಮಾನ ಶಾಸ್ತ್ರ, ಪಥನಿರ್ಣಯ ಮುಂತಾದ ವಿಷಯಗಳಲ್ಲಿ ಲಿಖಿತ ಪರೀಕ್ಷೆಯೂ ಉಂಟು. ಪಥನಿರ್ಣಯದ ಪುಸ್ತಕ ತೆರೆದರೆ ಮೊದಲ ಪಾಠಗಳಲ್ಲೇ ಗಾಳಿಯ ತ್ರಿಭುಜ ಸಿಗುತ್ತದೆ. ಕಲಿಯಲು ಆಸೆಯಿರುವವರು ಈ ವಾರ ಒಂದು ಲೆಕ್ಕ ಮಾಡಿ ನೋಡಲಿ. ಕರಾಚಿಯಿಂದ ಅಹಮದಾಬಾದಿಗೆ 600 ಕಿಲೋಮೀಟರು, ವಿಮಾನದ ವೇಗ ಗಂಟೆಗೆ 160. ಗಂಟೆಗೆ 30 ಕಿಲೋಮೀಟರು ವೇಗದ ಗಾಳಿ ಎದುರಿನಿಂದ ಬೀಸಿದರೆ ಎಷ್ಟು ಹೊತ್ತು, ಬೆನ್ನಿನಿಂದ ಬೀಸಿದರೆ ಎಷ್ಟು ಹೊತ್ತು? ಟ್ಯಾಂಕಿನಲ್ಲಿ ನಾಲ್ಕೂವರೆ ಗಂಟೆಗೆ ಸಾಕಾಗುವಷ್ಟು ಮಾತ್ರ ಇಂಧನವಿದ್ದರೆ, ಎದುರುಗಾಳಿಯ ದಿನ ಹೊರಡಬಹುದೇ?