ಹಾಫ್‌ಬ್ಯಾಕ್ ಕೆಂಪಯ್ಯನವರು

ಕಾಲ್ಚೆಂಡಾಟದಲ್ಲಿ ಗೋಲು ಹೊಡೆದವನ ಹೆಸರು ಊರಿಗೆಲ್ಲ ತಿಳಿಯುತ್ತದೆ; ಅವನ ಕಾಲಿಗೆ ಚೆಂಡು ಒದಗಿಸಿದವನ ಹೆಸರನ್ನು ಕೇಳುವವರಿಲ್ಲ. 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಭಾರತವು ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ, ಸೆಮಿಫೈನಲ್ ತಲುಪಿದ ಮೊದಲ ಏಷ್ಯಾ ತಂಡವಾಯಿತು. ಅಂದು ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ ಮುಂಬಯಿಯ ಹೆಮ್ಮೆ. ಆ ತಂಡದಲ್ಲಿ ಬೆಂಗಳೂರಿನ ಹಾಫ್‌ಬ್ಯಾಕ್ ಕೆಂಪಯ್ಯನವರೂ ಇದ್ದರೆಂಬುದನ್ನು ಡೊಂಬಿವಲಿ, ಕಲ್ಯಾಣಗಳ ಕನ್ನಡಿಗರಲ್ಲಿ ಎಷ್ಟು ಮಂದಿ ಬಲ್ಲರು?

ಹಾಫ್‌ಬ್ಯಾಕನದು ಎರಡು ಪಾಳಿಯ ದುಡಿಮೆ. ಎದುರಾಳಿ ನುಗ್ಗಿದರೆ ಹಿಂದಕ್ಕೋಡಿ ತಡೆಯಬೇಕು. ಕಸಿದ ಚೆಂಡನ್ನು ಮುಂದಿನವರಿಗೆ ಮುಟ್ಟಿಸಬೇಕು. ಹೋಟೆಲಿನ ಒಳಗೆ ಒಲೆಯ ಮುಂದೆ ನಿಂತವರಿಗೂ, ಸಾಹೇಬರ ಸಹಿಗೆಂದು ಕಾಗದಪತ್ರ ಸಿದ್ಧಪಡಿಸುವ ಗುಮಾಸ್ತರಿಗೂ ಈ ಪಾಡನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಕೆಂಪಯ್ಯನವರೂ ನಮ್ಮಂತೆ ಊರು ಬಿಟ್ಟು ಹೋದವರೇ. ಕಲಕತ್ತೆಯ ಮೋಹನ್ ಬಗಾನ್ ತಂಡಕ್ಕೆ ಆಡಿದರು. 1960ರಲ್ಲಿ ರೋಮ್ ಒಲಿಂಪಿಕ್ಸಿಗೂ ಆಯ್ಕೆಯಾದರು. ಅಲ್ಲಿ ಭಾರತವು ಬಲಾಢ್ಯ ಫ್ರಾನ್ಸಿನೊಡನೆ 1-1ರಿಂದ ಸಮಬಲ ಸಾಧಿಸಿತು. 2008ರಲ್ಲಿ ಅವರು ನಿಧನ ಹೊಂದಿದರು.

ಠಾಣೆಯಿಂದ ಕಲ್ಯಾಣದವರೆಗಿನ ಹಾಗೂ ನವಿ ಮುಂಬಯಿಯ ನಮ್ಮ ಸಂಘಗಳಲ್ಲಿ ಒಂದು ವಿನಂತಿ. ಕ್ರೀಡಾಕೂಟಗಳಲ್ಲಿ ಬಹುಮಾನಗಳೆಲ್ಲ ಗೋಲು ಹೊಡೆದವರಿಗೇ ಸಲ್ಲುವುದನ್ನು ಕಾಣುತ್ತ ಬಂದಿದ್ದೇವೆ. ಈ ವರ್ಷ ಕೆಂಪಯ್ಯನವರ ಹೆಸರಿನಲ್ಲಿ ಒಂದು ಬಹುಮಾನವನ್ನಿರಿಸಿ, ತಾನು ಗೋಲು ಹೊಡೆಯದೆ ತಂಡವನ್ನು ಗೆಲ್ಲಿಸಿದ ಹುಡುಗನಿಗೆ ಕೊಡಿರಿ. ಅದನ್ನು ಹಂಚಲು ದೊಡ್ಡ ಅತಿಥಿಗಳನ್ನು ಹುಡುಕಬೇಡಿರಿ. ಯಾವುದಾದರೊಂದು ಹೋಟೆಲಿನ ಹಿರಿಯ ಅಡಿಗೆಯವರನ್ನು ಕರೆಯಿರಿ.